ಒಂದು ಸರ್ವರ್, ನಲವತ್ತು ವಿದ್ಯಾರ್ಥಿಗಳು

ಥಾಣೆಯಿಂದ ಬೇಲಾಪುರದ ಕಡೆ ಹೋಗುವ ರಸ್ತೆಯಲ್ಲಿ ಐರೋಲಿ, ರಬಾಳೆ, ಮಹಾಪೆ ದಾಟುವಾಗ ಕಿಟಕಿಗಳೇ ಇಲ್ಲದಂಥ ಭಾರೀ ಕಟ್ಟಡಗಳು ಕಣ್ಣಿಗೆ ಬೀಳುತ್ತವೆ. ಹಿಂದೆ ರಾಸಾಯನಿಕ, ಔಷಧ ಕಾರ್ಖಾನೆಗಳಿಗೆ ಹೆಸರಾಗಿದ್ದ ಈ ಕೈಗಾರಿಕಾ ಪ್ರದೇಶದಲ್ಲಿ ಈಗ ಡೇಟಾ ಸೆಂಟರ್‌ಗಳು ಸಾಲುಗಟ್ಟಿವೆ. ಆಚೆ ಪನ್ವೇಲ್ ಕಡೆ ಯೋಟಾ ಸಂಸ್ಥೆಯ ದೊಡ್ಡ ಕೇಂದ್ರ 2020ರಲ್ಲಿ ಶುರುವಾಯಿತು. ಸಮುದ್ರದಡಿಯ ಕೇಬಲ್‌ಗಳು ಮುಂಬಯಿ ತೀರಕ್ಕೆ ಬಂದು ಸೇರುವುದು, ಖಾಡಿಯ (ಕಡಲ ಹಿನ್ನೀರಿನ) ಆಚೆ ಜಾಗ ಸಿಗುವುದು, ಕೈಗಾರಿಕೆಗೆಂದು ಎಳೆದ ವಿದ್ಯುತ್ ಜಾಲ ಮೊದಲೇ ಇರುವುದು, ಎಲ್ಲ ಕೂಡಿ ನವಿ ಮುಂಬಯಿಯನ್ನು ದೇಶದ ಕಂಪ್ಯೂಟರ್ ಉಗ್ರಾಣ ಮಾಡಿವೆ.

ಅಲ್ಲಿಂದ ಒಂದು ಗಂಟೆಯ ದಾರಿಯೊಳಗೆ, ಡೊಂಬಿವಲಿ ಪೂರ್ವದ ಒಂದೂವರೆ ಕೋಣೆಯ ಮನೆಯಲ್ಲಿ, ಬಿಎಸ್ಸಿಯಲ್ಲಿ ಸಂಖ್ಯಾಶಾಸ್ತ್ರ ಓದುವ ಹುಡುಗಿಯ ಬಳಿ ಇರುವುದು ಒಂದು ಮೊಬೈಲ್, ಅಣ್ಣ ಬಿಟ್ಟುಕೊಟ್ಟ ಹಳೆಯ ಲ್ಯಾಪ್‌ಟಾಪ್. ಪ್ರಾಕ್ಟಿಕಲ್‌ಗೆ ‘ಆರ್’ ಎಂಬ ತಂತ್ರಾಂಶ ಬೇಕು. ಲ್ಯಾಪ್‌ಟಾಪಿನಲ್ಲಿ ಅದನ್ನು ಹಾಕುವುದೇನೋ ಆಗುತ್ತದೆ, ಆದರೆ ಸ್ವಲ್ಪ ದೊಡ್ಡ ಕಡತ ತೆರೆದರೆ ಯಂತ್ರ ನಿಂತುಹೋಗುತ್ತದೆ. ಕಾಲೇಜಿನ ಲ್ಯಾಬ್ ಸಿಗುವುದು ವಾರಕ್ಕೆ ಒಂದೆರಡು ಅವಧಿ. ಈ ಕೊರತೆಯನ್ನು ನೀಗಲು ಐರೋಲಿಯಂಥ ಕಟ್ಟಡ ಬೇಕಿಲ್ಲ. ವಿಭಾಗದಲ್ಲಿ ಒಂದು ಸಾಧಾರಣ ಸರ್ವರ್, ಅದರ ಮೇಲೆ ‘ಆರ್’, ಅದಕ್ಕೆ ಬ್ರೌಸರ್ ಮೂಲಕ ಒಂದು ಬಾಗಿಲು, ಇಷ್ಟಿದ್ದರೆ ಸಾಕು. ಕಲ್ಯಾಣ್, ಡೊಂಬಿವಲಿ, ಥಾಣೆಯ ಸಂಖ್ಯಾಶಾಸ್ತ್ರ ವಿಭಾಗಗಳು ಇದನ್ನು ತಾವೇ ಮಾಡಿಕೊಳ್ಳಬೇಕು, ಮಾಡಿಕೊಳ್ಳಬಹುದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

‘ಆರ್’ ಎಂಬುದು ಲೆಕ್ಕಾಚಾರಕ್ಕೂ ನಕ್ಷೆ ಬಿಡಿಸುವುದಕ್ಕೂ ಇರುವ ಉಚಿತ ಪ್ರೋಗ್ರಾಮಿಂಗ್ ಭಾಷೆ. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ ರಾಸ್ ಇಹಾಕ ಮತ್ತು ರಾಬರ್ಟ್ ಜೆಂಟಲ್‌ಮನ್ ಇದನ್ನು ಕಟ್ಟಿದರು. 1993ರಲ್ಲಿ ಹೊರಗೆ ಕಾಣಿಸಿಕೊಂಡಿತು, 1995ರಲ್ಲಿ ಮುಕ್ತ ಪರವಾನಗಿ ಪಡೆಯಿತು, 2000ದ ಫೆಬ್ರುವರಿ 29ರಂದು ಮೊದಲ ಪೂರ್ಣ ಆವೃತ್ತಿ ಬಂತು. ಅದನ್ನು ತೆರೆದರೆ ಒಳಗೆ ‘ಮಹಾಲನೋಬಿಸ್’ ಎಂಬ ಹೆಸರಿನದೇ ಒಂದು ಫಂಕ್ಷನ್ ಸಿದ್ಧವಾಗಿರುತ್ತದೆ. ಅನೇಕ ಅಳತೆಗಳನ್ನು ಒಟ್ಟಿಗೆ ಹಿಡಿದು ಎರಡು ಗುಂಪುಗಳ ನಡುವಿನ ಅಂತರ ಹೇಳುವ ಸೂತ್ರವದು. ಉತ್ತರ ಪ್ರದೇಶದ ಜನರ ದೇಹದ ಅಳತೆಗಳ ಸಮೀಕ್ಷೆಯಲ್ಲಿ ಆ ಸೂತ್ರ ಹಿಡಿದು, ಅದನ್ನು ರೂಪಿಸಿದ ಸಂಖ್ಯಾಶಾಸ್ತ್ರಜ್ಞ ಮಹಾಲನೋಬಿಸ್ ಅವರೊಂದಿಗೆ ದುಡಿದವರು ಸಿ. ಆರ್. ರಾವ್, 1920ರಲ್ಲಿ ನಮ್ಮ ಹೂವಿನ ಹಡಗಲಿಯಲ್ಲಿ ಹುಟ್ಟಿದವರು. ಆಗ ಲೆಕ್ಕ ನಡೆಯುತ್ತಿದ್ದುದು ಮೇಜಿನ ಮೇಲಿನ ಕೈಯಂತ್ರಗಳಲ್ಲಿ. ಇಂದು ಅದು ಒಂದು ಸಾಲಿನ ಕೆಲಸ. ಆ ಒಂದು ಸಾಲು ಬರೆಯಲು ಜಾಗವಿಲ್ಲದೆ ನಮ್ಮ ಮಕ್ಕಳು ಸೂತ್ರವನ್ನು ಬಾಯಿಪಾಠ ಮಾಡಿ ಪರೀಕ್ಷೆ ಮುಗಿಸುತ್ತಿದ್ದಾರಲ್ಲ, ಅದು ನನಗೆ ಸಂಕಟ ತರುತ್ತದೆ.

ದೂರದ ಯಂತ್ರಕ್ಕೆ ಪ್ರೋಗ್ರಾಂ ಕಳಿಸಿ ಉತ್ತರ ತರಿಸಿಕೊಳ್ಳುವ ಪದ್ಧತಿ ಮುಂಬಯಿಗೆ ಹೊಸದೇನಲ್ಲ. ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ 1964ರಲ್ಲಿ ಸಿಡಿಸಿ 3600 ಎಂಬ ದೊಡ್ಡ ಕಂಪ್ಯೂಟರ್ ಬಂದ ಮೇಲೆ ದೇಶದ ಬೇರೆ ಬೇರೆ ಸಂಸ್ಥೆಗಳ ಲೆಕ್ಕಗಳೆಲ್ಲ ಅಲ್ಲಿಗೆ ಬರುತ್ತಿದ್ದವು. ವೆಬ್ ಬಂದ ಮೇಲೆ ಅದೇ ಕೆಲಸಕ್ಕೆ ಹೊಸ ದಾರಿ ತೆರೆಯಿತು. ಅಮೆರಿಕದ ಮೊಂಟಾನಾ ಸ್ಟೇಟ್ ವಿಶ್ವವಿದ್ಯಾಲಯದ ಜೆಫ್ ಬ್ಯಾನ್‌ಫೀಲ್ಡ್ 1999ರಲ್ಲಿ ‘ಆರ್‌ವೆಬ್’ ಬಗ್ಗೆ ಬರೆದರು. ಪುಟದಲ್ಲೊಂದು ಖಾಲಿ ಚೌಕ, ಅದರಲ್ಲಿ ‘ಆರ್’ ಸಾಲುಗಳನ್ನು ಬರೆದು ಗುಂಡಿ ಒತ್ತಿದರೆ ಸರ್ವರ್ ಅದನ್ನು ನಡೆಸಿ ಉತ್ತರವನ್ನೂ ನಕ್ಷೆಯನ್ನೂ ಹಿಂದಿರುಗಿಸುತ್ತಿತ್ತು. ಆಮೇಲೆ ಸೈಮನ್ ಅರ್ಬಾನೆಕ್ ಅವರ ಆರ್‌ಸರ್ವ್, ಜೆಫ್ರಿ ಹಾರ್ನರ್ ಅವರ ಆರ್‌ಅಪಾಚೆ, ಯೆರೂನ್ ಊಮ್ಸ್ ಅವರ ಓಪನ್‌ಸಿಪಿಯು ಬಂದವು. 2011ರಲ್ಲಿ ಆರ್‌ಸ್ಟುಡಿಯೊ, 2012ರಲ್ಲಿ ಶೈನಿ ಬಂದ ಮೇಲೆ ಇದು ತಜ್ಞರ ಕೈಯಿಂದ ಮೇಷ್ಟ್ರುಗಳ ಕೈಗೂ ಸಿಕ್ಕಿತು.

ನಮ್ಮ ಹತ್ತಿರದ ಉದಾಹರಣೆ ಪವಾಯಿಯಲ್ಲಿದೆ. ಐಐಟಿ ಬಾಂಬೆಯ ‘ಫಾಸಿ’ ಯೋಜನೆಯವರು ಸೈಲ್ಯಾಬ್ ಎಂಬ ಇನ್ನೊಂದು ಗಣಿತ ತಂತ್ರಾಂಶವನ್ನು ‘ಸೈಲ್ಯಾಬ್ ಆನ್ ಕ್ಲೌಡ್’ ಎಂಬ ಹೆಸರಿನಲ್ಲಿ ಬ್ರೌಸರಿಗೆ ತಂದರು. ದೇಶದ ವಿದ್ಯಾರ್ಥಿಗಳೇ ಪಠ್ಯಪುಸ್ತಕಗಳ ಬಿಡಿಸಿದ ಲೆಕ್ಕಗಳಿಗೆ ಕೋಡ್ ಬರೆದುಕೊಟ್ಟಿದ್ದಾರೆ. ಪುಸ್ತಕ, ಅಧ್ಯಾಯ, ಉದಾಹರಣೆ ಆರಿಸಿ ಗುಂಡಿ ಒತ್ತಿದರೆ ಅದು ಪವಾಯಿಯ ಯಂತ್ರದಲ್ಲಿ ಓಡುತ್ತದೆ, ಓದುವವರ ಕಂಪ್ಯೂಟರಿನಲ್ಲಿ ಏನನ್ನೂ ಹಾಕಬೇಕಿಲ್ಲ. ಇದರ ಹಿಂದಿದ್ದ ಪ್ರೊ. ಕಣ್ಣನ್ ಮೌದ್ಗಲ್ಯ ಅವರೇ ಸ್ಪೋಕನ್ ಟ್ಯುಟೋರಿಯಲ್‌ಗಳನ್ನೂ ಶುರುಮಾಡಿದವರು. ಅವುಗಳಲ್ಲಿ ಎಷ್ಟೋ ಪಾಠಗಳನ್ನು ಕನ್ನಡದಲ್ಲೂ ಕೇಳಬಹುದು. ಪವಾಯಿಯಲ್ಲಿ ದೊಡ್ಡ ಪ್ರಮಾಣದಲ್ಲಿ ಆದದ್ದನ್ನು ಕಲ್ಯಾಣದ ಒಂದು ವಿಭಾಗ ಸಣ್ಣದಾಗಿ ಮಾಡಲು ಅಡ್ಡಿಯಿಲ್ಲ.

ಸರ್ವರ್ ಮೇಲೆ ‘ಆರ್’ ನಡೆಸುವ ರೀತಿ ಮುಖ್ಯವಾಗಿ ಎರಡು, ಮೊದಲು ತೀರ್ಮಾನಿಸಬೇಕಾದ್ದು ಇದನ್ನೇ. ಮುಂಬಯಿ ಕನ್ನಡಿಗರಿಗೆ ಹೋಟೆಲಿನ ಭಾಷೆಯಲ್ಲಿ ಹೇಳಿದರೆ ಬೇಗ ತಿಳಿಯುತ್ತದೆ. ಶೈನಿ ಸರ್ವರ್‌ನಲ್ಲಿ ಗಿರಾಕಿ ಮೇಜಿನ ಮುಂದೆ ಕೂತು ಮೆನು ನೋಡಿ ಆರ್ಡರ್ ಕೊಡುತ್ತಾನೆ. ಮೇಷ್ಟ್ರು ಮೊದಲೇ ಬರೆದಿಟ್ಟ ಲೆಕ್ಕಕ್ಕೆ ವಿದ್ಯಾರ್ಥಿ ಬರೀ ವರ್ಷ, ಊರು, ಅಳತೆ ಆರಿಸುತ್ತಾನೆ. ಆರ್‌ಸ್ಟುಡಿಯೊ ಸರ್ವರ್‌ನಲ್ಲಿ ಗಿರಾಕಿಯನ್ನು ನೇರ ಅಡುಗೆಮನೆಯೊಳಗೆ ಬಿಟ್ಟಂತೆ, ಒಲೆ, ಪಾತ್ರೆ, ಕತ್ತಿ ಎಲ್ಲವೂ ಅವನ ಕೈಗೆ. ಕಲಿಯಲು ಬೇಕಾದ್ದು ಎರಡನೆಯದು. ಅಪಾಯವಿರುವುದೂ ಅದರಲ್ಲೇ.

ಇವನ್ನು ಹಾಕುವ ಕೆಲಸ ಕಷ್ಟದ್ದಲ್ಲ. ಉಬುಂಟು ಅಥವಾ ಡೆಬಿಯನ್ ಲಿನಕ್ಸ್ ಹಾಕಿದ ಯಂತ್ರ, ಅದರ ಮೇಲೆ ‘ಆರ್’, ಆಮೇಲೆ ಆರ್‌ಸ್ಟುಡಿಯೊ ಸರ್ವರ್‌ನ ಉಚಿತ ಆವೃತ್ತಿ. ಅದು 8787ನೇ ಪೋರ್ಟ್‌ನಲ್ಲಿ ಕಾಯುತ್ತಿರುತ್ತದೆ. ಶೈನಿಯದು 3838. ಲಿನಕ್ಸ್‌ನಲ್ಲಿ ಪ್ರತಿ ವಿದ್ಯಾರ್ಥಿಗೂ ಒಂದು ಖಾತೆ ತೆರೆದರೆ ಅದೇ ಹೆಸರು, ಅದೇ ಪಾಸ್‌ವರ್ಡ್‌ನಿಂದ ಬ್ರೌಸರಿನಲ್ಲಿ ಒಳಗೆ ಹೋಗಬಹುದು. ಹೊಸಬರು ಸಿಕ್ಕಿಬೀಳುವುದು ಪ್ಯಾಕೇಜ್‌ಗಳಲ್ಲಿ. ‘ಆರ್’ನ ಭಂಡಾರದಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಪ್ಯಾಕೇಜ್‌ಗಳಿವೆ. ವಿಂಡೋಸ್‌ನಲ್ಲಿ ಅವು ಸಿದ್ಧರೂಪದಲ್ಲಿ ಇಳಿದರೆ, ಲಿನಕ್ಸ್‌ನಲ್ಲಿ ಬಹುಮಟ್ಟಿಗೆ ಮೂಲ ಕೋಡ್ ಇಳಿದು ಅಲ್ಲೇ ತಯಾರಾಗಬೇಕು. ಅದಕ್ಕೆ ಬೇಕಾದ ಸಿಸ್ಟಂ ಲೈಬ್ರರಿಗಳು ಇಲ್ಲದಿದ್ದರೆ ಪರದೆ ತುಂಬ ಕೆಂಪು ಸಾಲುಗಳು. ಆರ್‌ಸ್ಟುಡಿಯೊ ಕಂಪನಿ 2022ರಲ್ಲಿ ಪಾಸಿಟ್ ಎಂದು ಹೆಸರು ಬದಲಿಸಿಕೊಂಡಿತು. ಅದೇ ಕಂಪನಿಯ ಸಾರ್ವಜನಿಕ ಪ್ಯಾಕೇಜ್ ಭಂಡಾರದಲ್ಲಿ ಲಿನಕ್ಸ್‌ಗೂ ಸಿದ್ಧರೂಪ ಸಿಗುತ್ತದೆ, ಅದನ್ನು ಜೋಡಿಸಿಕೊಂಡರೆ ಈ ತಲೆನೋವಿನ ಬಹುಪಾಲು ಹೋಗುತ್ತದೆ. ಪ್ಯಾಕೇಜ್‌ಗಳನ್ನು ಎಲ್ಲರಿಗೂ ಸೇರಿ ಒಂದೇ ಕಡೆ ಹಾಕಬೇಕು. ನಲವತ್ತು ಜನ ನಲವತ್ತು ಸಲ ಹಾಕಿಕೊಳ್ಳುವುದು ಸಮಯ, ಜಾಗ ಎರಡಕ್ಕೂ ದಂಡ.

ಯಂತ್ರ ಎಷ್ಟು ದೊಡ್ಡದಿರಬೇಕು? ಇಲ್ಲಿ ಅಂಗಡಿಯವರ ಮಾತಿಗಿಂತ ಕಾಗದ ಪೆನ್ಸಿಲ್ ಮೇಲು. ‘ಆರ್’ ಡೇಟಾವನ್ನೆಲ್ಲ ಮೆಮರಿಯಲ್ಲಿ, ಅಂದರೆ ರ‍್ಯಾಮ್‌ನಲ್ಲಿ, ಇಟ್ಟುಕೊಂಡು ಲೆಕ್ಕ ಮಾಡುತ್ತದೆ. ಒಂದು ದಶಮಾಂಶ ಸಂಖ್ಯೆಗೆ 8 ಬೈಟ್. ಕಲ್ಯಾಣದ ಖಡಕ್‌ಪಾಡಾ, ಐರೋಲಿ ಮುಂತಾದ ಕಡೆಯ ಮಾಪನ ಕೇಂದ್ರಗಳ ಗಾಳಿಯ ಗುಣಮಟ್ಟದ ಅಂಕಿಗಳು ಗಂಟೆಗೊಂದರಂತೆ ಸಿಗುತ್ತವೆ ಎಂದಿಟ್ಟುಕೊಳ್ಳಿ. ವರ್ಷಕ್ಕೆ 8,760 ಸಾಲು. ಹನ್ನೆರಡು ಅಂಕಣಗಳಿದ್ದರೂ ಒಟ್ಟು ಸಂಖ್ಯೆಗಳು 1,05,120. ಎಂಟರಿಂದ ಗುಣಿಸಿದರೆ ಒಂದು ಎಂಬಿಯೂ ಆಗುವುದಿಲ್ಲ. ಡೊಂಬಿವಲಿಯಲ್ಲಿ 2014ರ ಜನವರಿಯಲ್ಲಿ ಹಸಿರು ಬಣ್ಣದ ಮಳೆ ಬಿದ್ದಾಗ ಊರೆಲ್ಲ ಬೆಚ್ಚಿತ್ತು. ಈ ಊರಿನ ಗಾಳಿಯ ಬಗ್ಗೆ ಇಲ್ಲಿನ ಮಕ್ಕಳೇ ಲೆಕ್ಕ ಹಾಕಲಿ ಎಂದರೆ ಅದಕ್ಕೆ ಬೇಕಾದ ಯಂತ್ರ ಬಹಳ ಚಿಕ್ಕದು.

ಈಗ ಇನ್ನೊಂದು ತುದಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯನ್ನು ನಡೆಸುವುದು ದೇವನಾರ್‌ನ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆ. 2019–21ರ ಐದನೇ ಸುತ್ತಿನಲ್ಲಿ 7,24,115 ಮಹಿಳೆಯರನ್ನು ಸಂದರ್ಶಿಸಲಾಯಿತು. ಆ ಕಡತದಲ್ಲಿ ಅಂಕಣಗಳು ಸಾವಿರಕ್ಕೂ ಹೆಚ್ಚು. ಸಾವಿರವೆಂದೇ ಹಿಡಿದರೂ 5.8 ಜಿಬಿ. ‘ಆರ್’ನಲ್ಲಿ ಒಬ್ಬೊಬ್ಬರ ಸೆಷನ್ ಒಂದೊಂದು ಬೇರೆ ಪ್ರಕ್ರಿಯೆ, ಒಬ್ಬ ತೆರೆದ ಕಡತವನ್ನು ಪಕ್ಕದವನು ಹಂಚಿಕೊಳ್ಳುವುದಿಲ್ಲ. ಬೆಳಗ್ಗಿನ ಪ್ರಾಕ್ಟಿಕಲ್‌ನಲ್ಲಿ ಮೇಷ್ಟ್ರು “ಎಲ್ಲರೂ ಕಡತ ತೆರೆಯಿರಿ” ಎಂದ ಕೂಡಲೇ ನಲವತ್ತು ಜನ ತೆರೆದರೆ 232 ಜಿಬಿ ಬೇಕು. ಯಂತ್ರದಲ್ಲಿ 32 ಇದ್ದರೆ ಮೊದಲು ಡಿಸ್ಕ್ ಕರಕರ ಎನ್ನುತ್ತದೆ, ಪರದೆಗಳು ನಿಲ್ಲುತ್ತವೆ, ಕೊನೆಗೆ ಲಿನಕ್ಸ್ ತಾನೇ ಮುಂದಾಗಿ ಒಂದೊಂದೇ ಸೆಷನ್ ಕೊಲ್ಲತೊಡಗುತ್ತದೆ. ಹಿಂದಿನ ಬೆಂಚಿನಿಂದ “ಸರ್, ನಂದು ಹೋಯ್ತು” ಎಂಬ ದನಿ ಒಂದಾದ ಮೇಲೊಂದು ಬರುತ್ತದೆ.

ಇದಕ್ಕೆ 256 ಜಿಬಿಯ ಯಂತ್ರ ಕೊಳ್ಳಬೇಕೆಂದು ಹೇಳುವವರ ಮಾತು ಕೇಳಬೇಡಿ. ಆ ದಿನದ ಪಾಠಕ್ಕೆ ಬೇಕಾದ್ದು ವಯಸ್ಸು, ಶಿಕ್ಷಣ, ರಾಜ್ಯ, ಹಿಮೋಗ್ಲೋಬಿನ್ ಹೀಗೆ ಇಪ್ಪತ್ತು ಅಂಕಣ ಇರಬಹುದು. ಮೇಷ್ಟ್ರು ಹಿಂದಿನ ದಿನವೇ ಅಷ್ಟನ್ನು ಮಾತ್ರ ತೆಗೆದು ಬೇರೆ ಕಡತ ಮಾಡಿಟ್ಟರೆ ಅದು 116 ಎಂಬಿ. ನಲವತ್ತು ಜನರಿಗೆ 4.6 ಜಿಬಿ. ಲೆಕ್ಕದ ನಡುವೆ ‘ಆರ್’ ನಕಲು ಮಾಡಿಕೊಳ್ಳುತ್ತದೆ, ಅದಕ್ಕೆ ಎರಡು ಮೂರು ಪಟ್ಟು ಹಿಡಿಯಿರಿ. ಸುಮ್ಮನೆ ತೆರೆದಿಟ್ಟ ಸೆಷನ್‌ಗೂ ಒಂದಿಷ್ಟು ಬೇಕು. ಎಲ್ಲ ಸೇರಿ 32 ಜಿಬಿಯಲ್ಲಿ ತರಗತಿ ನೆಮ್ಮದಿಯಾಗಿ ನಡೆಯುತ್ತದೆ. ಸಂಖ್ಯಾಶಾಸ್ತ್ರ ಕಲಿಸುವಾಗ ಬೇಕಾದ ಅಂಶ ಯಾವುದು, ಬೇಡದ್ದು ಯಾವುದು ಎಂದು ಆರಿಸುವುದೇ ಪಾಠದ ಅರ್ಧ ಭಾಗ. ಸಮೀಕ್ಷೆಯ ಈ ಕಡತವನ್ನು ಹೆಸರು ನೋಂದಾಯಿಸಿಕೊಂಡು, ಉದ್ದೇಶ ತಿಳಿಸಿ, ಅನುಮತಿ ಪಡೆದೇ ತರಬೇಕು, ಬೇರೆಯವರಿಗೆ ಹಂಚುವಂತಿಲ್ಲ. ಆದ್ದರಿಂದ ಅದನ್ನು ಯಾರು ತೆರೆಯಬಹುದೆಂಬ ಪಟ್ಟಿ ಸರ್ವರ್‌ನಲ್ಲೂ ಇರಬೇಕು, ಅನುಮತಿ ಪತ್ರದಲ್ಲೂ ಇರಬೇಕು.

ಶೈನಿಯ ಕಥೆ ಬೇರೆ. ಉಚಿತ ಶೈನಿ ಸರ್ವರ್‌ನಲ್ಲಿ ಒಂದು ಆ್ಯಪ್‌ಗೆ ಒಂದೇ ‘ಆರ್’ ಪ್ರಕ್ರಿಯೆ, ಅದು ಒಂದು ಹೊತ್ತಿಗೆ ಒಂದೇ ಲೆಕ್ಕ ಮಾಡುತ್ತದೆ. ಒಬ್ಬಳು ಅರ್ಧ ನಿಮಿಷ ಹಿಡಿಯುವ ಲೆಕ್ಕಕ್ಕೆ ಗುಂಡಿ ಒತ್ತಿದರೆ ಉಳಿದವರೆಲ್ಲ ಅರ್ಧ ನಿಮಿಷ ಕಾಯಬೇಕು. ಭಾರದ ಲೆಕ್ಕಗಳನ್ನು ಮೊದಲೇ ಮಾಡಿ ಉತ್ತರವನ್ನು ಕಡತದಲ್ಲಿಟ್ಟು, ಆ್ಯಪ್ ಅದನ್ನು ಬರೀ ತೋರಿಸುವಂತೆ ಮಾಡುವುದೇ ಸುಲಭದ ಪರಿಹಾರ. ಮೊಬೈಲ್ ಮಾತ್ರ ಇರುವವರಿಗೆ ಶೈನಿಯೇ ಸರಿ. ಆರ್‌ಸ್ಟುಡಿಯೊದ ನಾಲ್ಕು ಭಾಗದ ಪರದೆಯನ್ನು ಐದಾರು ಇಂಚಿನ ಮೊಬೈಲಿನಲ್ಲಿ ನಡೆಸುವುದು ಕಣ್ಣಿಗೂ ಬೆರಳಿಗೂ ಶಿಕ್ಷೆ. ಕಡಿಮೆ ಬೆಲೆಯ ಬ್ಲೂಟೂತ್ ಕೀಬೋರ್ಡ್ ಜೋಡಿಸಿಕೊಂಡರೆ ತಕ್ಕಮಟ್ಟಿಗೆ ಸಾಗುತ್ತದೆ.

ಆದರೂ ನಮ್ಮ ಲೋಕಲ್ ರೈಲಿನ ಬದುಕಿಗೆ ಆರ್‌ಸ್ಟುಡಿಯೊ ಸರ್ವರ್‌ನ ಒಂದು ಗುಣ ತುಂಬ ಒಗ್ಗುತ್ತದೆ. ಥಾಣೆಯ ಕಾಲೇಜಿನಲ್ಲಿ ಶುರುಮಾಡಿದ ಕೆಲಸವನ್ನು ಹಾಗೇ ಬಿಟ್ಟು ಬ್ರೌಸರ್ ಮುಚ್ಚಿ ರೈಲು ಹತ್ತಬಹುದು. ಕಳವಾ, ಮುಂಬ್ರಾ ನಡುವೆ ನೆಟ್‌ವರ್ಕ್ ಹೋದರೂ ಸರ್ವರ್‌ನಲ್ಲಿ ಲೆಕ್ಕ ನಡೆಯುತ್ತಲೇ ಇರುತ್ತದೆ. ಡೊಂಬಿವಲಿಯ ಮನೆಯಲ್ಲಿ ಮತ್ತೆ ತೆರೆದರೆ ಬಿಟ್ಟ ಸಾಲು ಬಿಟ್ಟಲ್ಲೇ ಸಿಗುತ್ತದೆ. ಎರಡು ಗಂಟೆ ಯಾರೂ ಮುಟ್ಟದಿದ್ದರೆ ಸೆಷನ್ ತನ್ನನ್ನು ಡಿಸ್ಕಿಗೆ ಉಳಿಸಿಕೊಂಡು ಮಲಗುತ್ತದೆ, ಕರೆದಾಗ ಏಳುತ್ತದೆ.

ಕನ್ನಡದವರು, ಮರಾಠಿಯವರು ಎದುರಿಸುವ ತೊಡಕೊಂದಿದೆ. ಇಂಗ್ಲಿಷ್ ಕೈಪಿಡಿಗಳಲ್ಲಿ ಅದರ ಸುದ್ದಿ ಅಷ್ಟಾಗಿ ಸಿಗುವುದಿಲ್ಲ. ನಕ್ಷೆಯ ಕೆಳಗೆ ‘ಕಲ್ಯಾಣ’ ಎಂದು ಕನ್ನಡದಲ್ಲಿ ಬರೆದರೆ ಸರ್ವರ್‌ನಿಂದ ಬರುವ ಚಿತ್ರದಲ್ಲಿ ಖಾಲಿ ಚೌಕಗಳು ಕಾಣಿಸಬಹುದು. ನಕ್ಷೆ ಬಿಡಿಸುವುದು ಸರ್ವರ್, ಅಲ್ಲಿ ಕನ್ನಡದ ಫಾಂಟ್ ಇಲ್ಲ. ನಮ್ಮ ಕಂಪ್ಯೂಟರಿನಲ್ಲಿ ಎಷ್ಟು ಫಾಂಟ್ ಇದ್ದರೂ ಉಪಯೋಗವಿಲ್ಲ. ಉಬುಂಟುವಿನಲ್ಲಿ ಕನ್ನಡ ಫಾಂಟ್‌ಗಳ ಒಂದು ಕಂತೆ ಸಿಗುತ್ತದೆ, ಅದನ್ನು ಹಾಕಿದರೆ ಚೌಕಗಳು ಹೋಗುತ್ತವೆ. ಅಷ್ಟಾದರೂ ಕೆಲವೊಮ್ಮೆ ಲಕಾರದ ಕೆಳಗಿನ ಯ-ಒತ್ತು ಕೂಡಿಕೊಳ್ಳದೆ ಪಕ್ಕದಲ್ಲಿ ಬಿಡಿಯಾಗಿ ನಿಲ್ಲುತ್ತದೆ. ಅಕ್ಷರ ಜೋಡಿಸುವ ಕೆಲಸವನ್ನು ಚಿತ್ರ ಬಿಡಿಸುವ ಸಾಧನವೇ ಮಾಡಬೇಕು, ಎಲ್ಲ ಸಾಧನಗಳಿಗೂ ಅದು ಬರುವುದಿಲ್ಲ. ‘ರ‍್ಯಾಗ್’ ಎಂಬ ಪ್ಯಾಕೇಜ್ ಬಳಸಿ ಚಿತ್ರ ಉಳಿಸಿದರೆ ಒತ್ತಕ್ಷರಗಳು ತಮ್ಮ ಜಾಗದಲ್ಲಿ ಕೂರುತ್ತವೆ. ಸರ್ವರ್ ಕಟ್ಟುವ ದಿನವೇ ಇದನ್ನು ಮಾಡಿಟ್ಟರೆ ಮಕ್ಕಳು ತಮ್ಮ ಭಾಷೆಯಲ್ಲಿ ನಕ್ಷೆ ಬಿಡಿಸಿ ಮನೆಯವರಿಗೂ ತೋರಿಸಬಹುದು.

ಇನ್ನು ಅಡುಗೆಮನೆಯ ಅಪಾಯ. ‘ಆರ್’ನಲ್ಲಿ ‘ಸಿಸ್ಟಂ’ ಎಂಬ ಫಂಕ್ಷನ್ ಇದೆ. ಅದರೊಳಗೆ ಲಿನಕ್ಸ್‌ನ ಯಾವ ಆದೇಶ ಬರೆದರೂ ಯಂತ್ರ ನಡೆಸುತ್ತದೆ. ಅಂದರೆ ‘ಆರ್’ ಬರೆಯಲು ಬಿಟ್ಟವರಿಗೆ ಯಂತ್ರವನ್ನೇ ಮುಟ್ಟಲು ಬಿಟ್ಟಂತಾಯಿತು. ಅದೊಂದನ್ನು ಮುಚ್ಚಿದರೆ ಸಾಲದು, ಬೇರೆ ದಾರಿಗಳು ಹಲವು ಇವೆ. ಓಪನ್‌ಸಿಪಿಯು ಮಾಡಿದ ಊಮ್ಸ್ ಅವರು 2013ರಲ್ಲಿ ಪ್ರಕಟಿಸಿದ ಪ್ರಬಂಧ ಹೇಳುವುದೂ ಇದೇ ದಿಕ್ಕಿನ ಮಾತು: ಬೇಲಿಯನ್ನು ‘ಆರ್’ ಭಾಷೆಯೊಳಗೆ ಹಾಕದೆ ಆಪರೇಟಿಂಗ್ ಸಿಸ್ಟಂ ಮಟ್ಟದಲ್ಲಿ ಹಾಕಬೇಕು. ಒಬ್ಬೊಬ್ಬರಿಗೆ ಇಷ್ಟೇ ಮೆಮರಿ, ಇಷ್ಟೇ ಡಿಸ್ಕ್ ಎಂಬ ಮಿತಿ, ಒಬ್ಬರ ಫೋಲ್ಡರ್ ಇನ್ನೊಬ್ಬರಿಗೆ ಕಾಣದಂತೆ ಅನುಮತಿ, ಆಡಳಿತದ ಹಕ್ಕು ಒಬ್ಬಿಬ್ಬರಿಗೆ ಮಾತ್ರ. ಇವನ್ನು ಲಿನಕ್ಸ್ ಚೆನ್ನಾಗಿಯೇ ಕಾಯುತ್ತದೆ. ನಲವತ್ತು ಖಾತೆಗೂ ‘ಸ್ಟೂಡೆಂಟ್123’ ಎಂದು ಪಾಸ್‌ವರ್ಡ್ ಇಟ್ಟು ಅಂತರ್ಜಾಲಕ್ಕೆ ತೆರೆದರೆ, ಅದನ್ನು ಹುಡುಕಿ ಬರುವ ಪ್ರೋಗ್ರಾಂಗಳು ಬಹಳ ದಿನ ತೆಗೆದುಕೊಳ್ಳುವುದಿಲ್ಲ. ಯಾರದೋ ಕ್ರಿಪ್ಟೊ ಗಣಿಗಾರಿಕೆಗೆ ವಿಭಾಗದ ವಿದ್ಯುತ್ ಉರಿಯುತ್ತದೆ.

ಉಚಿತ ಆರ್‌ಸ್ಟುಡಿಯೊ ಸರ್ವರ್ ತಾನಾಗಿ ಎಚ್‌ಟಿಟಿಪಿಎಸ್, ಅಂದರೆ ಗೂಢಲಿಪಿಯ ಸಂಪರ್ಕ, ಕೊಡುವುದಿಲ್ಲ. ಅದರ ಮುಂದೆ ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ನಿಲ್ಲಿಸಿ ಲೆಟ್ಸ್ ಎನ್‌ಕ್ರಿಪ್ಟ್‌ನ ಉಚಿತ ಪ್ರಮಾಣಪತ್ರ ಹಾಕಬೇಕು. ಇಲ್ಲದಿದ್ದರೆ ಪಾಸ್‌ವರ್ಡ್ ದಾರಿಯಲ್ಲಿ ಬಿಚ್ಚಿಕೊಂಡೇ ಸಾಗುತ್ತದೆ. ಪ್ರಮಾಣಪತ್ರದ ಅವಧಿ 90 ದಿನಕ್ಕಿಂತ ಹೆಚ್ಚಿಲ್ಲವಾದ್ದರಿಂದ ನವೀಕರಣ ತಾನಾಗಿ ಆಗುವಂತೆ ಮೊದಲೇ ಹೊಂದಿಸಿಡಬೇಕು.

ಯಂತ್ರ ಎಲ್ಲಿರಬೇಕು? ಮನೆಯ ಬ್ರಾಡ್‌ಬ್ಯಾಂಡ್‌ನಲ್ಲಿ ಇಟ್ಟರೆ ಹೊರಗಿನಿಂದ ತಲುಪುವುದು ಕಷ್ಟ. ಬಹಳಷ್ಟು ಕಂಪನಿಗಳು ಒಂದೇ ಸಾರ್ವಜನಿಕ ವಿಳಾಸವನ್ನು ಅನೇಕ ಮನೆಗಳಿಗೆ ಹಂಚಿರುತ್ತವೆ. ಕಾಲೇಜು ಸ್ಥಿರ ಐಪಿ ವಿಳಾಸ ಕೇಳಿ ಪಡೆಯಬೇಕು. ಇಲ್ಲವೇ ಕ್ಲೌಡ್‌ನಲ್ಲಿ ಬಾಡಿಗೆಗೆ ಹಿಡಿಯಬಹುದು. ಅಮೆಜಾನ್‌ನ ಮುಂಬಯಿ ವಲಯ 2016ರಿಂದ ಇದೆ. ಗಂಟೆಯ ಲೆಕ್ಕದ ಬಾಡಿಗೆಯಾದ್ದರಿಂದ ರಾತ್ರಿ ಆರಿಸಿಟ್ಟರೆ ಖರ್ಚು ಇಳಿಯುತ್ತದೆ. ವಿದ್ಯುತ್ತಿನ ಚಿಂತೆಯೂ ಇಲ್ಲ. 2020ರ ಅಕ್ಟೋಬರ್ 12ರಂದು ಬೆಳಗ್ಗೆ ಕಳವಾ, ಪಡ್ಘಾ ಕಡೆಯ 400 ಕೆವಿ ಜಾಲ ಕೈಕೊಟ್ಟು ಮುಂಬಯಿ, ಥಾಣೆ, ನವಿ ಮುಂಬಯಿ ಒಟ್ಟಿಗೆ ಕತ್ತಲಾದದ್ದು, ಲೋಕಲ್‌ಗಳು ನಿಂತಲ್ಲೇ ನಿಂತದ್ದು ಎಲ್ಲರಿಗೂ ನೆನಪಿದೆ. ಕಾಲೇಜಿನಲ್ಲೇ ಯಂತ್ರವಿಟ್ಟರೆ ಯುಪಿಎಸ್ ಬೇಕು, ಬ್ಯಾಟರಿ ಮುಗಿಯುವ ಮೊದಲು ಯಂತ್ರಕ್ಕೆ ಸೂಚನೆ ಕೊಟ್ಟು ಕ್ರಮವಾಗಿ ಮುಚ್ಚಿಸುವಂಥದ್ದು. ಮೆಮರಿಯಲ್ಲಿರುವುದು ಕರೆಂಟ್ ಹೋದರೆ ಹೋಯಿತು. ಆದ್ದರಿಂದ ಲೆಕ್ಕದ ಪ್ರತಿ ಹೆಜ್ಜೆಯನ್ನೂ ಸ್ಕ್ರಿಪ್ಟ್ ಕಡತದಲ್ಲಿ ಬರೆದಿಡುವ ಅಭ್ಯಾಸವನ್ನು ಮೊದಲ ತರಗತಿಯಿಂದಲೇ ಮಾಡಿಸಬೇಕು.

ಆದರೂ ನಾನು ವಿಭಾಗದೊಳಗಿನ ಯಂತ್ರದ ಪರ. ಕಾರಣ ಡೇಟಾ. ಸ್ಥಳೀಯ ಆಸ್ಪತ್ರೆಯೊಂದು ರೋಗಿಗಳ ದಾಖಲೆ ಕೊಟ್ಟು ವಿಶ್ಲೇಷಣೆ ಕೇಳಿದರೆ ಅದನ್ನು ಎಲ್ಲೋ ಹೊರಗೆ ಏರಿಸುವುದು ಸರಿಯಲ್ಲ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ ಬಂದ ಮೇಲಂತೂ ಯಾರ ಕೈಯಲ್ಲಿ ಏನಿದೆ ಎಂಬುದಕ್ಕೆ ಉತ್ತರ ಹೇಳಬೇಕಾಗುತ್ತದೆ. ಒಳಗಿನ ಸರ್ವರ್‌ನಲ್ಲಿ ಡೇಟಾ ಒಂದೇ ಕಡೆ ಇರುತ್ತದೆ. ವಿದ್ಯಾರ್ಥಿಗಳು ಪೆನ್‌ಡ್ರೈವ್‌ಗಳಲ್ಲಿ ಹೊತ್ತೊಯ್ಯುವ ಪರಿಸ್ಥಿತಿ ತಪ್ಪುತ್ತದೆ.

ಎಲ್ಲ ಕೆಲಸಕ್ಕೂ ಸರ್ವರ್ ಬೇಕೆಂದೇನಿಲ್ಲ. 2023ರಲ್ಲಿ ವೆಬ್‌ಆರ್ ಎಂಬುದು ಬಂದಿದೆ. ಅದು ‘ಆರ್’ ಅನ್ನು ಇಡಿಯಾಗಿ ಬ್ರೌಸರಿನೊಳಗೇ ಓಡಿಸುತ್ತದೆ. ಲೆಕ್ಕ ನಡೆಯುವುದು ವಿದ್ಯಾರ್ಥಿಯ ಮೊಬೈಲಿನಲ್ಲೇ, ಕಾಲೇಜು ಕೊಡಬೇಕಾದ್ದು ಒಂದು ಸಾದಾ ವೆಬ್ ಪುಟ ಮಾತ್ರ. ಸರಾಸರಿ, ಹಂಚಿಕೆ, ಸಣ್ಣ ರಿಗ್ರೆಶನ್ ಕಲಿಸುವ ಮೊದಲ ವರ್ಷಕ್ಕೆ ಇದೇ ಸಾಕು, ಸರ್ವರ್‌ನ ಮೇಲೆ ಹೊರೆ ಹಾಕಬೇಕಿಲ್ಲ. ಇನ್ನೊಂದು ಕೊನೆಯಲ್ಲಿ, 2020ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರೂ ಕೂಡಿ ಮುಂಬಯಿಯ ಒಂದು ಕೋಟಿಗೂ ಹೆಚ್ಚು ಜನರನ್ನು, ಅವರ ಲೋಕಲ್ ಪ್ರಯಾಣವನ್ನೂ ಸೇರಿಸಿ ಕಂಪ್ಯೂಟರಿನಲ್ಲಿ ಮಾದರಿ ಮಾಡಿ ಕೋವಿಡ್ ಹರಡುವ ರೀತಿಯನ್ನು ಲೆಕ್ಕ ಹಾಕಿದರಲ್ಲ, ಅಂಥದ್ದು ವಿಭಾಗದ ಪೆಟ್ಟಿಗೆಯ ಕೆಲಸವಲ್ಲ. ಇವೆರಡರ ನಡುವಿನ ವಿಶಾಲ ಜಾಗ, ಅಂದರೆ ಎರಡನೇ, ಮೂರನೇ ವರ್ಷದ ಪ್ರಾಕ್ಟಿಕಲ್, ಎಂಎಸ್ಸಿಯ ಪ್ರಾಜೆಕ್ಟ್, ನಗರಸಭೆಯ ಅಂಕಿ ಅಂಶ, ಸಮೀಕ್ಷೆಗಳು, ಇದಕ್ಕೆ ಆ ಸರ್ವರ್ ಬೇಕು.

ಜೂನ್‌ನಲ್ಲಿ ಕಾಲೇಜು ತೆರೆದಾಗ ಒಂದೇ ತರಗತಿ, ಒಂದೇ ವಿಷಯದಿಂದ ಶುರುಮಾಡಿದರೆ ಸಾಕು. ನೋಡಿಕೊಳ್ಳಲು ಒಬ್ಬ ಮೇಷ್ಟ್ರು, ಜೊತೆಗೆ ಮೂರನೇ ವರ್ಷದ ಇಬ್ಬರು. ವಾರಕ್ಕೊಮ್ಮೆ ಅಪ್‌ಡೇಟ್, ಪ್ರತಿ ರಾತ್ರಿ ಎಲ್ಲರ ಫೋಲ್ಡರಿನ ಪ್ರತಿ ಇನ್ನೊಂದು ಡಿಸ್ಕಿಗೆ, ಸೆಮಿಸ್ಟರ್ ಮುಗಿದಾಗ ಹಳೆಯ ಖಾತೆಗಳನ್ನು ಮುಚ್ಚುವುದು. ಆ ಇಬ್ಬರು ವಿದ್ಯಾರ್ಥಿಗಳು ಮುಂದಿನ ಬ್ಯಾಚಿನ ಇಬ್ಬರಿಗೆ ಕೆಲಸ ಕಲಿಸಿಕೊಟ್ಟೇ ಕಾಲೇಜು ಬಿಡಬೇಕು. ಮಾಡಿದ್ದನ್ನೆಲ್ಲ ಅವರು ಒಂದು ದಪ್ಪ ನೋಟ್‌ಬುಕ್ಕಿನಲ್ಲಿ ಬರೆದಿಡಲಿ: ಯಾವ ಪ್ಯಾಕೇಜ್‌ಗೆ ಯಾವ ಲೈಬ್ರರಿ ಬೇಕಾಯಿತು, ಯಾರಿಗೆ ಎಷ್ಟು ಮೆಮರಿ ಕೊಟ್ಟರು, ಯಾವ ದಿನ ಯಂತ್ರ ನಿಂತಿತು, ಏಕೆ ನಿಂತಿತು. ನವಿ ಮುಂಬಯಿಯ ಆ ಕಟ್ಟಡಗಳಲ್ಲಿ ಕೆಲಸಕ್ಕೆ ಸಂದರ್ಶನ ಕೊಡಲು ಹೋದಾಗ ಕೈಯಲ್ಲಿ ಆ ನೋಟ್‌ಬುಕ್ ಇದ್ದರೆ, ಅವರು ಕೇಳುವ ಪ್ರಶ್ನೆಗಳಲ್ಲಿ ಅರ್ಧಕ್ಕೆ ಉತ್ತರ ಅದರಲ್ಲೇ ಇರುತ್ತದೆ.